ದೆವ್ವ ಬಿಡಿಸಿದವರು ಯಾರು?

ದೆವ್ವದ ಸಿನಿಮಾ ನೋಡಿ ಹೊರಗೆ ಬಂದವರು ನಮ್ಮ ತಿಪಟೂರು ಕಡೆ ಜಗಳ ಆಡುವುದು ಒಂದೇ ಪ್ರಶ್ನೆಗೆ: ಕೊನೆಗೆ ಬಿಡಿಸಿದ್ದು ಯಾರು? ದೆವ್ವ ಇದೆಯೋ ಇಲ್ಲವೋ ಅನ್ನುವುದು ಕಾಲೇಜಿನ ಚರ್ಚಾಸ್ಪರ್ಧೆಗೆ ಸರಿ. ಟಿಕೆಟ್ ಕೊಂಡು ಒಳಗೆ ಹೋದವನು ಎರಡೂವರೆ ಗಂಟೆಯ ಮಟ್ಟಿಗೆ ಇದೆ ಅಂತಲೇ ಒಪ್ಪಿ ಕೂತಿರುತ್ತಾನೆ. ಅವನ ತಕರಾರೆಲ್ಲ ಕ್ಲೈಮ್ಯಾಕ್ಸಿನ ಮೇಲೆ. ರಾಯರು ಬಿಡಿಸಿದರೆ ಒಬ್ಬನಿಗೆ ಸಮಾಧಾನ, ಡಾಕ್ಟರು ಬಿಡಿಸಿದರೆ ಇನ್ನೊಬ್ಬನಿಗೆ, ಯಾರೂ ಬಿಡಿಸದೆ ಲೈಟು ಹತ್ತಿಕೊಂಡರೆ ಇಬ್ಬರಿಗೂ ಸಿಟ್ಟು. ರಾಜಕಾರಣಿಯನ್ನೋ ಊರ ಗೌಡನನ್ನೋ ಗೇಲಿ ಮಾಡುವ ಸಿನಿಮಾಕ್ಕೂ ಕೇಳುವುದು ಇದನ್ನೇ. ಆ ಪುಣ್ಯಾತ್ಮನನ್ನು ಕುರ್ಚಿಯಿಂದ ಇಳಿಸಿದ್ದು ಯಾರು, ಇಳಿಸಿದ ರೀತಿ ನಂಬುವ ಹಾಗಿತ್ತಾ?

ನಾನು ಬೋರ್ಡ್ ಬರೆಯುವವನು. ಪೇಂಟರ್ ಅಂದರೆ ಸುಣ್ಣ ಹೊಡೆಯಲು ಕರೆಯುತ್ತಾರೆ, ಅದಕ್ಕೇ ಹೀಗೆ ಹೇಳಿಕೊಳ್ಳುತ್ತೇನೆ. ಕೊಬ್ಬರಿ ಮಂಡಿಗಳ ನಾಮಫಲಕ, ಲಾರಿಯ ಹಿಂಬದಿ, ಚುನಾವಣೆಯ ಗೋಡೆಬರಹ ನನ್ನ ಹೊಟ್ಟೆಪಾಡು. ಸಿನಿಮಾ ಬ್ಯಾನರು ಖುಷಿಗೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಕಟೌಟ್ ಬರೆಯುವವರ ಕೈಕೆಳಗೆ ಪಳಗಿ ಊರಿಗೆ ಬಂದು ಅಂಗಡಿ ಹಾಕಿದೆ. ಅಂಗಡಿ ಮುಂದೆ ಒಂದು ಬೆಂಚು. ಫ್ಲೆಕ್ಸ್ ಬಂದ ಮೇಲೆ ಬ್ಯಾನರಿನ ಕೆಲಸ ನಿಂತುಹೋಯಿತು, ಬೆಂಚಿನ ಕೆಲಸ ನಿಲ್ಲಲಿಲ್ಲ. ಅದರ ಖಾಯಂ ಗಿರಾಕಿಗಳು ಮೂವರು: ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಟೂರಿಂಗ್ ಟಾಕೀಸಿನಿಂದ ಹಿಡಿದು ಡಿಜಿಟಲ್ ಪ್ರೊಜೆಕ್ಷನ್‌ವರೆಗೆ ಎಲ್ಲ ನೋಡಿದ ಆಪರೇಟರಣ್ಣ. ಅವರ ಬಾಯಿಂದ ಕೇಳಿದ್ದೇ ಈ ಚರಿತ್ರೆಯಲ್ಲಿ ಅರ್ಧ.

ಮೊದಲಿಗೆ ಟೆಂಟು. ಸಂಜೆ ಘಂಟಸಾಲರ ವೆಂಕಟೇಶ್ವರನ ಹಾಡು ಹಾಕಿದರೆ ಟಿಕೆಟ್ ಕೊಡಲು ಶುರು ಎಂದರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಇದ್ದದ್ದು ಒಂದೇ ಪ್ರೊಜೆಕ್ಟರ್, ಹಾಗಾಗಿ ರೀಲು ಮುಗಿದಾಗಲೆಲ್ಲ ಕತ್ತಲೆ, ಕತ್ತಲೆಯಾದಾಗಲೆಲ್ಲ ಮಾತು. ಚರ್ಚೆಗೆ ಸಿನಿಮಾ ಬಿಡುವತನಕ ಕಾಯಬೇಕಿರಲಿಲ್ಲ. ಬೆಳಿಗ್ಗೆ ಜಟಕಾ ಗಾಡಿಯ ಎರಡೂ ಪಕ್ಕ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ ಹಳ್ಳಿಗಳಿಗೆ ಕರಪತ್ರ ಹಂಚುತ್ತಿದ್ದರು. ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಸರಿಗೆ ಮೈಲುತುತ್ತ ಬೆರೆಸುವ ಕೆಲಸ ಹುಡುಗರಾದ ನಮ್ಮದು. ಬೆರೆಸದಿದ್ದರೆ ರಾತ್ರಿ ಬೆಳಗಾಗುವುದರಲ್ಲಿ ದನ ಬಂದು ಹೀರೋನನ್ನು ಅರ್ಧ ತಿಂದು ಹೋಗಿರುತ್ತಿತ್ತು.

1974ರಲ್ಲಿ ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' ತೆರೆಗೆ ಬಂತು. ಅದು ಟೆಂಟಿಗೆ ಬಂದಾಗ ಹೆಸರು ಕೇಳಿಯೇ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವರಿದ್ದರು. ಗೊರೂರರ ಕಥೆ ಓದಿದವರಿಗೆ ಗೊತ್ತಿತ್ತು, ಓದದವರು ಒಳಗೆ ಹೋಗಿ ತಿಳಿದುಕೊಂಡರು: ಅಲ್ಲಿ ದೆವ್ವವಿಲ್ಲ, ಎಂ. ಪಿ. ಶಂಕರ್ ಮಾಡಿದ ಬಡ್ಡಿ ಭೂತಯ್ಯ ಇದ್ದಾನೆ. ಸಾಲಪತ್ರ ಇಟ್ಟುಕೊಂಡು ಊರನ್ನೇ ಹೆದರಿಸುವ ಮನುಷ್ಯ. ಅವನು ಸತ್ತರೆ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ನೆಲದಲ್ಲಿ ಕೂತವರಿಗೆ ಸಾಲ ಗೊತ್ತಿತ್ತು, ಬೆಂಚಿನವರಿಗೆ ಬಡ್ಡಿ ಗೊತ್ತಿತ್ತು. ಹೆದರಿಕೆ ಮತ್ತು ಗೇಲಿ ಒಂದೇ ಪಾತ್ರದಲ್ಲಿ ಕೂರಬಲ್ಲವು ಅನ್ನುವುದನ್ನು ನಮ್ಮ ಸೀಮೆ ಕಲಿತದ್ದು ಅಲ್ಲಿ. ಭೂತಯ್ಯನನ್ನು ಬಿಡಿಸಿದವರು ಯಾರು ಎಂದರೆ ಸಾವು, ಆಮೇಲೆ ಅವನ ಮಗನ ಮನಃಪರಿವರ್ತನೆ. ಮಂಡಿ ರೈಟರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ. "ಬಡ್ಡಿ ತಿಂದೋರ ಮಕ್ಕಳು ಬದಲಾಗೋದು ಸಿನಿಮಾದಲ್ಲಿ ಮಾತ್ರ ಕಣಯ್ಯ" ಅನ್ನುತ್ತಾರೆ. ಬಡ್ಡಿ ಲೆಕ್ಕ ಬರೆದು ಬರೆದು ಕೈ ಸವೆದವರ ಮಾತು.

ನಿಜವಾದ ದೆವ್ವ ಬಂದದ್ದು 1979ರಲ್ಲಿ, 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಮೇಲೆ ಕಾಮಿನಿ ಎಂಬ ಹೆಣ್ಣು ದೆವ್ವ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಲ್ಲಿಯತನಕ ನಾವು ಕಂಡಿದ್ದ ಅನಂತನಾಗ್ ಮೆದು ಮಾತಿನ, ಸಣ್ಣ ನಗೆಯ ಮನುಷ್ಯ. ಆ ಮುಖವೇ ತಿರುಚಿ ಹೆಣ್ಣಿನ ಸಿಟ್ಟು ಕಾರಿದಾಗ ಟೆಂಟಿನಲ್ಲಿ ಉಸಿರೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಸಿನಿಮಾ ನೋಡುವ ಚಟವಿದ್ದ ರೈಟರು ಇದು 1973ರ 'ಎಕ್ಸಾರ್ಸಿಸ್ಟ್' ನೋಡಿ ಕಲಿತದ್ದು ಎಂದು ಮೂಗು ಮುರಿದರು. ಆಪರೇಟರಣ್ಣನ ಉತ್ತರ ನನಗೆ ಈಗಲೂ ನೆನಪಿದೆ: "ಅಲ್ಲಿ ಪಾದ್ರಿ ಬಿಡಿಸ್ತಾನೆ, ಇಲ್ಲಿ ಹೆಂಡ್ತಿ ಬಿಡಿಸ್ತಾಳೆ. ಕಾಪಿ ಹೊಡೆದ್ರೂ ಉತ್ತರ ಬೇರೆ ಬರೆದವ್ನಿಗೆ ಮಾರ್ಕ್ಸ್ ಕೊಡ್ಬೇಕಲ್ವಾ ರೈಟ್ರೇ?" ಅವನ ಮಾತಿನಲ್ಲಿ ಹುರುಳಿತ್ತು. ಲಕ್ಷ್ಮಿಯವರು ಮಾಡಿದ ಹೆಂಡತಿಯ ಪಾತ್ರ ಗಂಡನನ್ನು ಉಳಿಸಿಕೊಳ್ಳಲು ನಂಬುವುದು ಮಂತ್ರಾಲಯದ ರಾಯರನ್ನು. ಮಾಂತ್ರಿಕನ ಕೈಯಲ್ಲಿ ಆಗದ್ದು ಅವಳ ಭಕ್ತಿಯಿಂದ ಆಗುತ್ತದೆ. ಗುರುವಾರ ಒಪ್ಪೊತ್ತು ಮಾಡುವ ಹೆಂಗಸರು ಸಂಸಾರ ಸಮೇತ ದೆವ್ವದ ಸಿನಿಮಾಕ್ಕೆ ಬಂದದ್ದು ಅದೇ ಮೊದಲಿರಬೇಕು.

ವಿಜ್ಞಾನದ ಮೇಷ್ಟ್ರಿಗೆ ಈ ಉತ್ತರ ಪಥ್ಯವಾಗಲಿಲ್ಲ. ಅವರು ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರ ಶಿಷ್ಯರು. ಎಚ್ಚೆನ್ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಸಮಿತಿ ಮಾಡಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದವರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದ ಮನುಷ್ಯ. ಅದಾಗಿ ಮೂರು ವರ್ಷಕ್ಕೆ ಕಾಮಿನಿ ಬಂದು ನಾಡಿನ ಟಾಕೀಸುಗಳನ್ನು ತುಂಬಿಸಿದಳು. ಮೇಷ್ಟ್ರು ತರಗತಿಯಲ್ಲಿ ಅರ್ಧ ಗಂಟೆ ಇದರ ವಿರುದ್ಧ ಮಾತಾಡಿದರು. ಎರಡನೇ ಆಟಕ್ಕೆ ಅವರೂ ಕುರ್ಚಿಯಲ್ಲಿ ಕೂತಿದ್ದರು. ಕೇಳಿದರೆ, "ಪರೀಕ್ಷೆ ಮಾಡದೆ ತಿರಸ್ಕರಿಸೋದೂ ಮೂಢನಂಬಿಕೇನೇ ಕಣೋ" ಎಂದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು. ದೆವ್ವವನ್ನು ಬ್ಯಾನರಿನಲ್ಲಿ ಬರೆಯುವುದಕ್ಕೆ ಗಾಂಧಿನಗರದಲ್ಲಿ ಒಂದು ಕ್ರಮವಿತ್ತು. ಫೋಟೋ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಬಟ್ಟೆಯ ಮೇಲೆ ಅಷ್ಟೇ ಚೌಕಗಳನ್ನು ದಾರಕ್ಕೆ ಸುಣ್ಣದ ಪುಡಿ ಸವರಿ ಮೀಟಿ ಎಳೆದು, ಒಂದೊಂದೇ ಚೌಕವನ್ನು ದೊಡ್ಡದು ಮಾಡುತ್ತಾ ಹೋಗುವುದು ಮಾಮೂಲು. ಹೀರೋಯಿನ್ ಆದರೆ ಕೆನ್ನೆಗೆ ಗುಲಾಬಿ, ಹಳದಿ. ಅದೇ ಮುಖ ದೆವ್ವವಾದರೆ ಅರ್ಧ ಮುಖಕ್ಕೆ ಹಸಿರು, ಇನ್ನರ್ಧಕ್ಕೆ ನೀಲಿ, ನಡುವೆ ಮೂಗಿನ ಗೆರೆ ಗಟ್ಟಿ ಕಪ್ಪು. ಕಣ್ಣು ಕೊನೆಗೆ. ಬಿಳಿ ಬಳಿದು ಪಾಪೆಯನ್ನು ರೆಪ್ಪೆಗೆ ತಾಗದ ಹಾಗೆ ಚಿಕ್ಕದಾಗಿ ಇಟ್ಟರೆ ಮುಗಿಯಿತು, ಎಷ್ಟು ಚೆಲುವೆಯಾದರೂ ಹೆದರಿಸುತ್ತಾಳೆ. ಪಾಪೆ ಒಂದಿಷ್ಟು ದೊಡ್ಡದಾಗಿ ಎರಡೂ ರೆಪ್ಪೆ ಮುಟ್ಟಿದರೆ ಅದೇ ಮುಖ ಹಾಸ್ಯನಟನದಾಗುತ್ತದೆ. ಭಯಕ್ಕೂ ನಗುವಿಗೂ ಇರುವ ಅಂತರ ನನ್ನ ಬ್ರಷ್ಷಿನಲ್ಲಿ ಅರ್ಧ ಇಂಚು. ದೆವ್ವದ ಸಿನಿಮಾ ಮಾಡುವವರಿಗೆ ಈ ಅರ್ಧ ಇಂಚು ಗೊತ್ತಿರಬೇಕು. 1993ರಲ್ಲಿ ಉಪೇಂದ್ರ 'ಶ್!' ಮಾಡಿದಾಗ ಗೊತ್ತಿತ್ತು ಅನಿಸುತ್ತದೆ. ಶೂಟಿಂಗಿಗೆ ಹೋದ ಸಿನಿಮಾ ತಂಡವನ್ನೇ ಹೆದರಿಸಿ, ಅದರ ನಡುವೆಯೇ ನಗಿಸಿದರು.

ಅದೇ ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಒಂದು ಸುದ್ದಿ ಹಬ್ಬಿತು. ರಾತ್ರಿ ಹೊತ್ತು ಒಬ್ಬಳು ಬಂದು ಬಾಗಿಲು ತಟ್ಟುತ್ತಾಳಂತೆ, ಮನೆಯವರದೇ ದನಿಯಲ್ಲಿ ಕರೆಯುತ್ತಾಳಂತೆ, ಬಾಗಿಲು ತೆಗೆದವರು ಉಳಿಯುವುದಿಲ್ಲವಂತೆ. ಪರಿಹಾರವೂ ಸುದ್ದಿಯ ಜೊತೆಗೇ ಬಂತು: ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಿರಿ, ಓದಿಕೊಂಡು ಹೋಗುತ್ತಾಳೆ, ನಾಳೆ ಬಂದರೆ ಮತ್ತೆ ಓದಿಕೊಂಡು ಹೋಗುತ್ತಾಳೆ. ಸೀಮೆಸುಣ್ಣ, ಇದ್ದಿಲು, ಸಿಕ್ಕಿದ್ದರಲ್ಲಿ ಬರೆದರು. ಅಕ್ಷರ ಬಾರದವರು ನನ್ನನ್ನು ಕರೆದರು. ಕಾಸು ಕೊಟ್ಟವರೂ ಇದ್ದರು, ಕೊಬ್ಬರಿ ಕೊಟ್ಟವರೂ ಇದ್ದರು. ಒಬ್ಬ ಅಜ್ಜಿ ಎನಾಮಲ್ ಪೇಂಟಿನಲ್ಲೇ ಬರೆಯಬೇಕು ಎಂದು ಹಠ ಹಿಡಿದರು. "ಮಳೆ ಬಂದ್ರೆ ಸೀಮೆಸುಣ್ಣ ಅಳಿಸೋಗ್ತದೆ ಮಗಾ, ಅವತ್ತೇ ಬಂದ್ಬಿಟ್ರೆ?"

ಬೆಂಚಿನ ಮೇಲೆ ಇದರ ವಿಮರ್ಶೆ ವಾರಗಟ್ಟಲೆ ನಡೆಯಿತು. ಮೇಷ್ಟ್ರು ತಲೆ ಚಚ್ಚಿಕೊಂಡರೆ ರೈಟರು ಬಿದ್ದು ಬಿದ್ದು ನಕ್ಕರು. ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳಲು ಹೋದವನಿಗೆ ಗುಮಾಸ್ತ ಹೇಳುವ ಮಾತನ್ನೇ ಜನ ದೆವ್ವಕ್ಕೆ ಹೇಳಿದ್ದಾರೆ, ಇದಕ್ಕಿಂತ ಒಳ್ಳೆಯ ವಿಡಂಬನೆ ಯಾವ ಸಿನಿಮಾದಲ್ಲಿದೆ ಎಂದರು. ನನಗೂ ಹಾಗೇ ಅನಿಸಿತ್ತು. ಮಾಂತ್ರಿಕ, ರಾಯರು, ಡಾಕ್ಟರು ಯಾರೂ ಬೇಡ. ನಮ್ಮನ್ನು ವರ್ಷಗಟ್ಟಲೆ ಅಲೆಸಿದ ಉಪಾಯವನ್ನೇ ನಾವು ದೆವ್ವದ ಮೇಲೆ ತಿರುಗಿಸಿದ್ದೆವು. ಆದರೆ ಕನ್ನಡದವರು ಇದನ್ನು ಸಿನಿಮಾ ಮಾಡಿ ಗೆಲ್ಲಲಿಲ್ಲ. 2018ರಲ್ಲಿ ಹಿಂದಿಯವರು ಮಧ್ಯಪ್ರದೇಶದ ಚಂದೇರಿಯಲ್ಲಿ 'ಸ್ತ್ರೀ' ಕಥೆ ಕಟ್ಟಿ, ಗೋಡೆಯ ಮೇಲೆ ನಾಳೆ ಬರಲು ಹೇಳಿ, ದೇಶವನ್ನೆಲ್ಲ ನಗಿಸಿದರು. ನಮ್ಮ ಬಾಗಿಲ ಮೇಲಿದ್ದದ್ದನ್ನು ನಾವೇ ಟಿಕೆಟ್ ಕೊಟ್ಟು ನೋಡಿ ಬಂದೆವು.

ಗೇಲಿಯ ಸಿನಿಮಾಗಳ ಕಥೆ ಬೇರೆ ದಾರಿಯಲ್ಲಿ ಬಂತು. 1980ರಲ್ಲಿ ಬೆಂಗಳೂರಿನ ಕಲಾಗಂಗೋತ್ರಿ ತಂಡ 'ಮುಖ್ಯಮಂತ್ರಿ' ನಾಟಕ ಆಡಿತು. ಅದರಲ್ಲಿ ಕುರ್ಚಿಗೆ ಅಂಟಿಕೊಂಡ ಮನುಷ್ಯನ ಪಾತ್ರ ಮಾಡಿದ ಚಂದ್ರು ಅವರ ಹೆಸರಿನ ಹಿಂದೆ ಆ ಹುದ್ದೆ ಶಾಶ್ವತವಾಗಿ ಅಂಟಿಕೊಂಡಿತು. ಅದೇ ವರ್ಷ ಲಂಕೇಶರು ಪತ್ರಿಕೆ ಶುರು ಮಾಡಿದರು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದು ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರರು ಅಧಿಕಾರಕ್ಕೇರಿದರು. ಆಳುವವರನ್ನು ಬದಲಾಯಿಸಬಹುದು ಎಂದು ಕಂಡ ಮೇಲೆ ಅವರನ್ನು ನೋಡಿ ನಗುವ ಧೈರ್ಯವೂ ಬರುತ್ತದೆ. ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ಮಾಡಿದರು. ಬೀದಿಯಲ್ಲಿ ಮಲಗಿದ್ದವರ ಮೇಲೆ ಕಾರು ಹತ್ತಿಸಿದ ರಾಜಕಾರಣಿಯ ಮಗನ ಕಥೆ. ಅಲ್ಲಿ ನಗು ಕಡಿಮೆ, ಸಿಟ್ಟು ಜಾಸ್ತಿ. ನಮ್ಮೂರಿನಲ್ಲಿ ಹೆಚ್ಚು ದಿನ ಚರ್ಚೆಯಾದದ್ದು 1992ರ 'ಉಂಡೂ ಹೋದ ಕೊಂಡೂ ಹೋದ'. ನಾಗತಿಹಳ್ಳಿ ಚಂದ್ರಶೇಖರರ ಮೊದಲ ಸಿನಿಮಾ. ಒಬ್ಬ ಮಾತುಗಾರ ಹಳ್ಳಿಗೆ ಬಂದು ದನದ ಆಸ್ಪತ್ರೆ ಕಟ್ಟಿಸುತ್ತೇನೆ ಎಂದು ನಂಬಿಸಿ, ಉಂಡು, ಕೊಂಡು ಹೋಗುತ್ತಾನೆ. ಆ ಮೋಸಗಾರನೂ ಅನಂತನಾಗ್.

ಆಪರೇಟರಣ್ಣ ಆಗ ಒಂದು ಮಾತು ತೆಗೆದ. ಕಾಮಿನಿ ಮೈಮೇಲೆ ಬಂದಾಗ ಟೆಂಟೆಲ್ಲ ಸೇರಿ ಓಡಿಸಬೇಕು ಎಂದಿತು. ಈ ಮೋಸಗಾರ ಓಡಿ ಹೋಗುವಾಗ ಅದೇ ಜನ ಸಿಳ್ಳೆ ಹಾಕಿ ಬೀಳ್ಕೊಟ್ಟರು. ಹೆಣ್ಣು ದೆವ್ವಕ್ಕೆ ಕರುಣೆಯಿಲ್ಲ, ಗಂಡು ಕಳ್ಳನಿಗೆ ಚಪ್ಪಾಳೆ. ಆ ಮಾತನ್ನು ನಾವು ಆಗ ಹಿಡಿದು ಮುಂದುವರಿಸಲಿಲ್ಲ. ಅನಂತನಾಗ್ ಯಾವುದರಲ್ಲಿ ಚೆನ್ನಾಗಿ ಮಾಡಿದ್ದಾರೆ ಅನ್ನುವ ಕಡೆಗೆ ಹೊರಳಿಕೊಂಡೆವು.

2004ರ 'ಆಪ್ತಮಿತ್ರ' ಬಂದಾಗ ಬೆಂಚು ಮುರಿಯುವುದೊಂದು ಬಾಕಿ. ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ, ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯ ಗಂಗಾ ಮತ್ತು ನಾಗವಲ್ಲಿ. ರೀಮೇಕ್ ವಿರೋಧಿಗಳು ಒಂದು ಕಡೆ ನಿಂತರು: ಇದು ಫಾಜಿಲ್ ಅವರ 1993ರ ಮಲಯಾಳಂ 'ಮಣಿಚಿತ್ರತಾಳ್', ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದದ್ದು, ಕದ್ದ ಮಾಲಿಗೆ ಯಾಕೆ ಜೈಕಾರ? ಇನ್ನೊಂದು ಕಡೆಯವರಿಗೆ ವಿಷ್ಣು ಅವರ 'ಹೌಲಾ ಹೌಲಾ' ಒಂದೇ ಸಾಕಿತ್ತು. ಮೇಷ್ಟ್ರು ಮಾತ್ರ ಹಬ್ಬ ಮಾಡಿದರು. ಅಂತೂ ಕನ್ನಡದಲ್ಲಿ ಡಾಕ್ಟರು ಬಿಡಿಸಿದರಲ್ಲ! ದೆವ್ವವೇ ಅಲ್ಲ, ಮನಸ್ಸಿನ ಕಾಯಿಲೆ ಎಂದು ಹೇಳುವ ಸಿನಿಮಾ ತಿಂಗಳುಗಟ್ಟಲೆ ಓಡಿತಲ್ಲ! ರೈಟರು ಅವರ ಉತ್ಸಾಹಕ್ಕೆ ತಣ್ಣೀರು ಹಾಕಿದರು. "ಸರಿ ಮೇಷ್ಟ್ರೇ, ಹಂಗಾದ್ರೆ ಕೊನೇಲಿ ಆಚಾರ್ಯರು ಹೋಮಕುಂಡದ ಮುಂದೆ ಏನ್ ಮಾಡ್ತಿದ್ರು?" ಅದು ಸರಿಯಾದ ಪ್ರಶ್ನೆ. ಸಿನಿಮಾ ಡಾಕ್ಟರನ್ನೂ ಆಚಾರ್ಯರನ್ನೂ ಒಟ್ಟಿಗೆ ಕೂರಿಸಿ ಕೆಲಸ ಮಾಡಿಸುತ್ತದೆ. ನಮ್ಮ ಮನೆಗಳಲ್ಲಿ ಮಾತ್ರೆಯೂ ತಾಯತವೂ ಒಟ್ಟಿಗೇ ಇರುವುದಿಲ್ಲವೇ? ಎರಡು ಕಡೆಯವರೂ ತಾವೇ ಗೆದ್ದೆವೆಂದು ಮನೆಗೆ ಹೋದರು. ಸಿನಿಮಾ ಅಷ್ಟು ದಿನ ಓಡಿದ್ದರ ಗುಟ್ಟು ಅದೇ ಎಂದು ನನ್ನ ಅಂದಾಜು.

ಇನ್ನೊಂದು ಸಂಗತಿ ಹೊಳೆದದ್ದು ಆ ಕಥೆಯ ಬೇರೆ ಭಾಷೆಯ ಅವತಾರಗಳನ್ನು ನೋಡಿದ ಮೇಲೆ. ಮಲಯಾಳಂ ನಾಗವಲ್ಲಿ ತಮಿಳು ನರ್ತಕಿ. ಕನ್ನಡಕ್ಕೆ ಬಂದವಳು ತೆಲುಗಿನವಳಾದಳು, ಅವಳ ಹಾಡೂ ತೆಲುಗಿನಲ್ಲೇ. 2005ರ ತಮಿಳು 'ಚಂದ್ರಮುಖಿ'ಯೂ ತೆಲುಗಿನವಳು. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಮಂಜುಲಿಕಾ ಬಂಗಾಳಿ. ಯಾವ ಊರಿನವರೂ ತಮ್ಮ ಮನೆಯ ಭಾಷೆ ಆಡುವ ದೆವ್ವವನ್ನು ಒಪ್ಪಿಕೊಳ್ಳಲಿಲ್ಲ. ಕೇಡು ಯಾವಾಗಲೂ ಪಕ್ಕದ ರಾಜ್ಯದಿಂದಲೇ ಬರಬೇಕು. 'ಉಂಡೂ ಹೋದ' ಮೋಸಗಾರನೂ ಹೊರಗಿನಿಂದ ಬಂದವನೇ ಎಂದು ರೈಟರು ಸೇರಿಸಿದರು. ಊರ ಒಳಗಿನ ಕೇಡನ್ನು ತೋರಿಸುವ ಎದೆಗಾರಿಕೆ ಇದ್ದದ್ದು ಆ ಭೂತಯ್ಯನ ಕಥೆಗೆ ಮಾತ್ರ.

ಆಪ್ತಮಿತ್ರದ ಚರ್ಚೆ ಪರದೆಯಿಂದ ಆಚೆಗೂ ಹರಿಯಿತು. ಸೌಂದರ್ಯ ಆ ವರ್ಷದ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. ಸಿನಿಮಾ ತೆರೆಗೆ ಬಂದದ್ದು ಆಮೇಲೆ. ಅದರ ಮುಂದಿನ ಕಥೆಯಾದ 'ಆಪ್ತರಕ್ಷಕ' ಬಿಡುಗಡೆಯಾಗುವ ಮೊದಲು, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಹೋದರು. ನಾಗವಲ್ಲಿಯೇ ಕರೆದುಕೊಂಡಳು ಎಂಬ ಮಾತು ಹೋಟೆಲಿನಿಂದ ಹೋಟೆಲಿಗೆ ಓಡಾಡಿತು. ದೆವ್ವವಿಲ್ಲ ಎಂದು ಹೇಳಿದ ಸಿನಿಮಾದ ಸುತ್ತಲೇ ಅಭಿಮಾನಿಗಳು ಹೊಸ ದೆವ್ವದ ಕಥೆ ಕಟ್ಟಿದ್ದರು. ಮೇಷ್ಟ್ರು ಅವತ್ತು ಏನೂ ಮಾತಾಡಲಿಲ್ಲ, ಅವರೂ ವಿಷ್ಣು ಅಭಿಮಾನಿ.

ಈ ಎರಡು ಸಿನಿಮಾಗಳ ನಡುವೆ, 2008ರಲ್ಲಿ, ನಮ್ಮ ಸುದೀಪ್ ಹಿಂದಿಗೆ ಹೋದದ್ದು ರಾಮ್‌ಗೋಪಾಲ್ ವರ್ಮಾ ಅವರ 'ಫೂಂಕ್' ಮೂಲಕ. ಥಿಯೇಟರಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದವರಿಗೆ 5 ಲಕ್ಷ ಎಂದು ವರ್ಮಾ ಸವಾಲು ಹಾಕಿದ್ದು ಸಿನಿಮಾಕ್ಕಿಂತ ಹೆಚ್ಚು ಮಾತಾಯಿತು. ನಮ್ಮ ಬೆಂಚಿಗೆ ಬೇಕಾದದ್ದು ಅದರ ಕಥೆ. ದೇವರು ದಿಂಡರನ್ನು ನಂಬದ ಬಿಲ್ಡರ್ ಒಬ್ಬನ ಮಗಳಿಗೆ ಮಾಟ ತಗಲುತ್ತದೆ, ಆಸ್ಪತ್ರೆಗಳಲ್ಲಿ ಗುಣವಾಗುವುದಿಲ್ಲ, ಕೊನೆಗೆ ಮಾಂತ್ರಿಕನೇ ಗತಿಯಾಗುತ್ತಾನೆ. ಆಪ್ತಮಿತ್ರ ಮೇಷ್ಟ್ರಿಗೆ ಕೊಟ್ಟದ್ದನ್ನು ಫೂಂಕ್ ಬಡ್ಡಿ ಸಮೇತ ಕಿತ್ತುಕೊಂಡಿತು.

ಆಮೇಲಿನ ಹುಡುಗರು ಪ್ರಶ್ನೆಯನ್ನೇ ತಿರುವಿಹಾಕಿದರು. 2013ರ '6-5=2' ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬ ಸೋಗಿನಲ್ಲಿ ಬಂತು. ಅಲುಗಾಡುವ ಚಿತ್ರ, ಹಾಡಿಲ್ಲ, ಮಾಂತ್ರಿಕನಿಲ್ಲ. ಸತ್ಯ ಘಟನೆಯೇ ಎಂದು ಬಾಜಿ ಕಟ್ಟಿದ ಕಾಲೇಜು ಹುಡುಗರು ನನ್ನ ಬೆಂಚಿಗೂ ಬಂದಿದ್ದರು. 2015ರ 'ರಂಗಿತರಂಗ' ನೋಡಿದ ಹಿರಿಯರು ದೂರದರ್ಶನದ 'ಗುಡ್ಡದ ಭೂತ' ಧಾರಾವಾಹಿಯನ್ನು ನೆನೆದು ಅದೇ ಚೆಂದ ಎಂದರು. ಸದಾನಂದ ಸುವರ್ಣರ ಆ ಧಾರಾವಾಹಿಗಾಗಿ ಬೀದಿಯ ಒಂದೇ ಟೀವಿಯ ಮುಂದೆ ಕೂತವರ ಮಾತು ಅದು. ಅದರಲ್ಲಿ ಪಾತ್ರ ಮಾಡಿದ್ದ ಪ್ರಕಾಶ್ ರೈ ಆಗ ಇನ್ನೂ ದೇಶಕ್ಕೆ ಗೊತ್ತಿರಲಿಲ್ಲ.

ಇವುಗಳಲ್ಲಿ ನನಗೆ ಗಟ್ಟಿ ಅನಿಸಿದ್ದು 2016ರ 'ಯೂ ಟರ್ನ್'. ಬೆಂಗಳೂರು ಡಬಲ್ ರೋಡಿನ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರಿನ ಕಲ್ಲು ಸರಿಸಿ ಅಡ್ಡದಾರಿ ಮಾಡಿಕೊಂಡು ತಿರುಗುತ್ತಾರೆ. ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ, ಹಿಂದೆ ಬಂದವರು ಸಾಯುತ್ತಾರೆ. ಪವನ್ ಕುಮಾರ್ ಅವರ ದೆವ್ವ ಆ ಕಲ್ಲು ಸರಿಸಿದವರನ್ನು ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಬಿಡಿಸುವವರೇ ಇಲ್ಲ, ಯಾಕೆಂದರೆ ತಪ್ಪು ದೆವ್ವದ್ದಲ್ಲ. ಅದು ದೆವ್ವದ ಸಿನಿಮಾವೋ ಊರಿನ ಮೇಲಿನ ವಿಡಂಬನೆಯೋ ಎಂದು ಬೆಂಚಿನಲ್ಲಿ ಮಾತು ಬಂದಾಗ ಆಪರೇಟರಣ್ಣ, "ಹೆಲ್ಮೆಟ್ ಹಾಕ್ಕೊಂಡು ಮನೇಗೆ ಹೋದ್ರೆ ದೆವ್ವದ ಸಿನಿಮಾ, ಹಾಕ್ಕೊಳ್ದೆ ಹೋದ್ರೆ ವಿಡಂಬನೆ" ಎಂದ.

ಅದೇ ವರ್ಷ 'ತಿಥಿ' ನಮ್ಮ ಟಾಕೀಸುಗಳಿಗೂ ಬಂತು, ಹಿಂದಿನ ವರ್ಷ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದುಕೊಂಡು. ರಾಮ್ ರೆಡ್ಡಿ ಮತ್ತು ಈರೇಗೌಡರು ಮಂಡ್ಯ ಸೀಮೆಯ ಹಳ್ಳಿಯವರನ್ನೇ ನಿಲ್ಲಿಸಿ ಮಾಡಿದ ಸಿನಿಮಾ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದು ದಿನದಲ್ಲಿ ತಿಥಿಯೂ ಆಗಬೇಕು, ಜಮೀನೂ ಮಾರಬೇಕು. ಮಗ ಗಡ್ಡಪ್ಪನಿಗೆ ಎರಡೂ ಬೇಡ. ಅಲ್ಲಿ ಯಾರನ್ನೂ ಇಳಿಸುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ನಮ್ಮಲ್ಲಿ ಕೆಲವರು ಇದೇನು ಸಿನಿಮಾ, ನಮ್ಮನೆಯದೇ ವಿಡಿಯೋ ಎಂದು ಎದ್ದು ಬಂದರು; ಹಾಗೆ ಹೇಳಿದ್ದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. 2018ರ 'ಹಂಬಲ್ ಪೊಲಿಟಿಶಿಯನ್ ನೊಗ್‌ರಾಜ್' ಬೆಂಗಳೂರಿನವರಿಗೆ ಹಿಡಿಸಿತು, ತಿಪಟೂರಿಗೆ ಅಷ್ಟಾಗಿ ದಕ್ಕಲಿಲ್ಲ. ನಮಗೆ ನೊಗ್‌ರಾಜ್ ಅತಿಯಾಗಿ ಕಾಣಲಿಲ್ಲ, ಅದೇ ತೊಂದರೆ. ಗೇಲಿ ವಾಸ್ತವಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು.

ಇಷ್ಟರಲ್ಲಿ ಸರ್ಕಾರವೂ ದೆವ್ವದ ಪ್ರಶ್ನೆಗೆ ಕೈಹಾಕಿತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಮಾಡಿದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಈಗ ಅಪರಾಧ. ನಿವೃತ್ತರಾಗಿ ಕೋಲು ಹಿಡಿದಿದ್ದ ಮೇಷ್ಟ್ರು ಆ ಪೇಪರ್ ಕಟಿಂಗ್ ತಂದು ಬೆಂಚಿನ ಮೇಲೆ ಇಟ್ಟರು. ಇನ್ನು ಮೇಲೆ ಬಿಡಿಸುವವರು ಸಬ್ ಇನ್‌ಸ್ಪೆಕ್ಟರು ಎಂದು ರೈಟರು ನಕ್ಕರೂ ಆ ಕಟಿಂಗನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

2022ರ 'ಕಾಂತಾರ' ನಮ್ಮ ಬಯಲುಸೀಮೆಯ ಪ್ರಶ್ನೆಯೇ ಕರಾವಳಿಗೆ ಹೊಂದುವುದಿಲ್ಲ ಎಂದು ತೋರಿಸಿತು. ಅಲ್ಲಿ ಭೂತವನ್ನು ಬಿಡಿಸುವುದಿಲ್ಲ, ಕೋಲ ಕೊಟ್ಟು ಕರೆಸುತ್ತಾರೆ. ಜಮೀನಿನ ವ್ಯಾಜ್ಯ, ಮನೆಯ ಜಗಳ ಎಲ್ಲ ಅದರ ಮುಂದೆ ಇಡುತ್ತಾರೆ. ಹೆದರಿಸುವುದೇ ತೀರ್ಪನ್ನೂ ಕೊಡುತ್ತದೆ. ಇದನ್ನು ಹಾರರ್ ಎಂದು ಕರೆದವರ ಮೇಲೆ ಕರಾವಳಿಯವರು ಮುನಿಸಿಕೊಂಡರು. ದೈವದ ಹಾಗೆ ಕೂಗಿ ಥಿಯೇಟರಿನಲ್ಲಿ ಕುಣಿದವರ ಮೇಲೆ ಇನ್ನೂ ಹೆಚ್ಚು. ಆ ಸಿಟ್ಟು ನ್ಯಾಯವಾದದ್ದೇ. ಕೋರ್ಟಿನಲ್ಲಿ ಜಡ್ಜನ್ನು ಅಣಕಿಸಿ ಯಾರೂ ಕುಣಿಯುವುದಿಲ್ಲ.

ಮೂರು ವರ್ಷದ ಮೇಲೆ ಅದೇ ಕರಾವಳಿಯಿಂದ 'ಸು ಫ್ರಮ್ ಸೋ' ಬಂತು, 2025ರ ಜುಲೈ 25ಕ್ಕೆ. ಜೆ. ಪಿ. ತುಮಿನಾಡು ಅವರೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರ ಮಾಡಿದ್ದಾರೆ. ಇಣುಕಬಾರದ ಕಡೆ ಇಣುಕಿ ಸಿಕ್ಕಿಬಿದ್ದ ಅಶೋಕ ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ಬಂದಂತೆ ಆಡುತ್ತಾನೆ. ಊರು ಅದನ್ನು ಸೋಮೇಶ್ವರದ ಸುಲೋಚನಾ ಎಂದು ನಂಬಿಬಿಡುತ್ತದೆ. ಆಮೇಲೆ ಊರಿಗೆ ಊರೇ ಸೇರಿ ಬಿಡಿಸಲು ಹೊರಡುತ್ತದೆ, ರಾಜ್ ಬಿ. ಶೆಟ್ಟಿಯವರ ಕರುಣಾಕರ ಗುರೂಜಿಯ ದರ್ಶನವೂ ಆಗುತ್ತದೆ. ಬಾಯಿಂದ ಬಾಯಿಗೆ ಹಬ್ಬಿಯೇ ಥಿಯೇಟರುಗಳು ತುಂಬಿದವು. ಬೆಂಚಿನ ಈಗಿನ ಪೀಳಿಗೆ, ಅಂದರೆ ರೈಟರ ಮೊಮ್ಮಗ ಮತ್ತು ಅವನ ಗೆಳೆಯರು, ಎರಡು ಪಾಲಾದರು. ಹೆದರಿಸಲೇ ಇಲ್ಲ, ಇದೆಂಥ ಹಾರರ್ ಎಂದು ಒಂದು ಗುಂಪು. ಬರೀ ನಗಿಸಿತು, ಗುರೂಜಿಯನ್ನು ಪೂರ್ತಿ ಬೀದಿಗೆ ಎಳೆಯುವ ಧೈರ್ಯ ಮಾಡಲಿಲ್ಲ, ಇದೆಂಥ ವಿಡಂಬನೆ ಎಂದು ಇನ್ನೊಂದು.

ಎರಡೂ ಗುಂಪಿಗೆ ನನ್ನ ಉತ್ತರ ಒಂದೇ: 1979ರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿಯೂ ಗಂಡಸಿನ ಮೈಯಲ್ಲಿ ಹೆಣ್ಣು ದೆವ್ವ, ಇಲ್ಲಿಯೂ. ಅಲ್ಲಿ ಕಾಮಿನಿಯನ್ನು ಹೊರಗೆ ಹಾಕಿದರೆ ಸಂಸಾರ ನೆಟ್ಟಗಾಗುತ್ತದೆ. ಅವಳಿಗೆ ಏನು ಬೇಕಿತ್ತು ಎಂದು ಟೆಂಟಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾಗವಲ್ಲಿಗೂ ಅದೇ ಗತಿ. ಅವಳ ಪ್ರಿಯಕರನನ್ನು ಕೊಂದದ್ದು ಅರಮನೆ, ಓಡಿಸಿದ್ದು ಅವಳನ್ನು. ಸುಲೋಚನಾ ವಿಷಯದಲ್ಲಿ ಹೊಸತು ನಡೆಯುತ್ತದೆ. ಸುಳ್ಳು ದೆವ್ವ ಹೊತ್ತ ಅಶೋಕನ ಮುಂದೆ ಅವಳ ನಿಜವಾದ ಮಗಳು ಭಾನು ಬಂದು ತನ್ನ ಕಷ್ಟ ಹೇಳಿಕೊಂಡಾಗ, ಇಣುಕಿ ನೋಡಿ ಸಿಕ್ಕಿಬಿದ್ದವನು ಅವಳ ತಾಯಿಯಾಗಿ ನಿಂತು ಮಾತಾಡಬೇಕಾಗುತ್ತದೆ. ಅಷ್ಟು ಹೊತ್ತು ನಕ್ಕ ಥಿಯೇಟರ್ ಅಲ್ಲಿ ನಗು ನಿಲ್ಲಿಸಿತು. ಆಪರೇಟರಣ್ಣ 1992ರಲ್ಲಿ ತೆಗೆದ ಮಾತಿಗೆ ಉತ್ತರ ಸಿಗಲು ಇಷ್ಟು ವರ್ಷ ಬೇಕಾಯಿತು.

ಹಾಗಾಗಿ ಮುಂದಿನ ದೆವ್ವದ ಸಿನಿಮಾ ಬಂದಾಗ ಬೆಂಚಿನ ಹುಡುಗರು ಬೇರೆ ಪ್ರಶ್ನೆಯಿಂದ ಜಗಳ ಶುರು ಮಾಡಲಿ ಎಂದು ನನ್ನ ಆಸೆ. ಬಿಡಿಸಿದವರು ಯಾರು ಎಂಬ ವಾದ ಸಾಕಷ್ಟು ಆಯಿತು. ರಾಯರು, ಆಚಾರ್ಯರು, ಡಾಕ್ಟರು, ಕಾಯ್ದೆ ಎಲ್ಲರ ಪಾಳಿಯೂ ಮುಗಿದಿದೆ. ಅವಳನ್ನು ದೆವ್ವ ಮಾಡಿದವರು ಯಾರು, ಅವರು ಅದೇ ಊರಿನಲ್ಲಿ ಈಗಲೂ ಬಿಳಿ ಪಂಚೆ ಉಟ್ಟು ಓಡಾಡುತ್ತಿದ್ದಾರಾ? ಆ ಪ್ರಶ್ನೆ ಕೇಳಿದ ದಿನ ಹೆದರಿಕೆಯ ಸಿನಿಮಾಕ್ಕೂ ಗೇಲಿಯ ಸಿನಿಮಾಕ್ಕೂ ಬೇರೆ ಬೇರೆ ಬೋರ್ಡ್ ಬರೆಯುವ ಕೆಲಸ ನನಗೆ ಇರುವುದಿಲ್ಲ.